ತಾಳೆ ನೋಡಿದವರು

ಹೋದ ವಾರ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಟ್ರಂಕಿನ ಕಾಗದಗಳಿಗೆ ಬೂಷ್ಟು ಹಿಡಿಯುವ ಮೊದಲು ಒಂದಿಷ್ಟು ಬಿಸಿಲು ಕಾಣಿಸೋಣವೆಂದು ಆಲೂರಿನ ನಮ್ಮ ಮನೆಯ ತಾರಸಿಯಲ್ಲಿ ಚಾಪೆ ಹಾಸಿ ಹರವಿದೆ. ಪೆನ್ಷನ್ ಪುಸ್ತಕ, ವರ್ಗಾವಣೆಯ ಆರ್ಡರುಗಳು, ಯಾರದೋ ಮದುವೆಯ ಕರೆಯೋಲೆ. ಎಲ್ಲಕ್ಕಿಂತ ಅಡಿಯಲ್ಲಿ ಕಂದು ಬಣ್ಣದ ಒಂದು ಲಕೋಟೆ. ಅಂಗಡಿಯಲ್ಲಿ ಕೊಂಡದ್ದಲ್ಲ, ಬಳಸಿ ಬಿಟ್ಟ ಕಾಗದವನ್ನು ಮಗುಚಿ, ಅಂಚು ಮಡಿಸಿ, ಅಂಟಿಸಿ ಮಾಡಿದ್ದು. ಮೂಗಿನ ಹತ್ತಿರ ಹಿಡಿದರೆ ಗೋಂದಿನ ವಾಸನೆ. ಅರವತ್ತು ವರ್ಷದ ಮೇಲೂ ಗೋಂದಿಗೆ ವಾಸನೆ ಉಳಿಯುತ್ತದೆಯೋ, ಇಲ್ಲ ನನಗೆ ಹಾಗನ್ನಿಸಿತೋ...

ತಮ್ಮನ ಮೊಮ್ಮಗಳು ಪಿಯುಸಿ ಓದಲು ನನ್ನ ಮನೆಯಲ್ಲಿದ್ದಾಳೆ. ಅವಳು ತಾರಸಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಪರೀಕ್ಷೆಗೆ ಉರು ಹೊಡೆಯುತ್ತಿದ್ದಳು. "ಹೆಲಿಕೇಸ್ ಬಿಚ್ಚುತ್ತೆ, ಪಾಲಿಮರೇಸ್ ನಕಲು ಮಾಡುತ್ತೆ, ಲಿಗೇಸ್ ಅಂಟಿಸುತ್ತೆ." ಇದೇ ಪಾಠವನ್ನು ನಾನು ಮೂವತ್ತು ವರ್ಷ ಮಾಡಿದವಳು. ಜೀವಕೋಶ ತನ್ನ ಡಿಎನ್‌ಎಯನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ ಎಂಬುದನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ನಕಲು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಜೀವಕೋಶವಲ್ಲ. ಸಕಲೇಶಪುರದ ನಮ್ಮ ಪಕ್ಕದ ಮನೆಯ ನಕಲು ಸಾಹೇಬರು.

ಅವರು ಒಂದು ಕಚೇರಿಯಲ್ಲಿ ನಕಲು ಗುಮಾಸ್ತರಾಗಿದ್ದರು. ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ, ಬರೆದರೆ ಅವರಿಗೇ ಹಿಡಿಸುತ್ತಿರಲಿಲ್ಲ. ಹುಟ್ಟು, ಸಾವು, ಕ್ರಯ, ದಾನ, ಎಲ್ಲದಕ್ಕೂ ದಪ್ಪ ದಪ್ಪ ಪುಸ್ತಕಗಳಿದ್ದವು. ಯಾರಿಗಾದರೂ ಅದರ ಒಂದು ಪ್ರತಿ ಬೇಕೆಂದರೆ ಸಾಹೇಬರು ಟಾಕನ್ನು ಮಸಿಯಲ್ಲಿ ಅದ್ದಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು ಕೊಡುತ್ತಿದ್ದರು. ನಮ್ಮ ಬೀದಿಯ ಚಿಳ್ಳೆಪಿಳ್ಳೆಗಳು ಅವರನ್ನು 'ನಕಲಿ ಸಾಹೇಬ್ರು' ಎಂದು ಕೂಗಿ ಓಡುತ್ತಿದ್ದವು. ನಾನೂ ಅದರಲ್ಲೊಬ್ಬಳು, ಸುಳ್ಳೇಕೆ ಹೇಳಲಿ. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಜಗಲಿಯಲ್ಲಿ ಕೂತಲ್ಲಿಂದಲೇ, "ಅಯ್ಯೋ ಮಾರಾಯ್ರಾ, ನನ್ನ ಕೊಂಬು ಕಿತ್ಕಂಡು ಗುಡಿಸು ಕೊಟ್ಬುಟ್ರಲ್ರೋ!" ಎನ್ನುತ್ತಿದ್ದರು. ಲಕಾರಕ್ಕೆ ಕೊಂಬು ಕೊಟ್ಟರೆ ನಕಲು, ಗುಡಿಸು ಕೊಟ್ಟರೆ ನಕಲಿ. ಕಾಗುಣಿತದ ಈ ಪಾಠವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅವರ ಜಗಲಿಯ ಕೆಳಗೆ.

ಅಪ್ಪನ ಜೊತೆ ಒಮ್ಮೆ ಅವರ ಕಚೇರಿಗೆ ಹೋದಾಗ ಅವರು ಕೆಲಸ ಮಾಡುವ ರೀತಿ ನೋಡಿದೆ. ಬರೆದು ಮುಗಿಸಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಆಮೇಲೆ ಎದುರಿನ ಮೇಜಿನ ಇನ್ನೊಬ್ಬ ಗುಮಾಸ್ತರು ಮೂಲ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು, ಸಾಹೇಬರು ನಕಲಿನ ಮೇಲೆ ಬೆರಳಿಟ್ಟು ಒಂದೊಂದು ಮಾತಿಗೂ "ಹೂಂ" ಅನ್ನುವುದು. ಊರಿನ ಹೆಸರು, ಮನುಷ್ಯರ ಹೆಸರು ಬಂದರೆ ಬರೀ ಓದಿದರೆ ಸಾಲದು, ಕಾಗುಣಿತ ಬಿಡಿಸಿ ಹೇಳಬೇಕು. ಇದಕ್ಕೆ ತಾಳೆ ನೋಡುವುದು ಎನ್ನುತ್ತಿದ್ದರು. ಕೊನೆಗೆ ಕಾಗದದ ಅಡಿಯಲ್ಲಿ ಎರಡು ಸಹಿ: ನಕಲು ಮಾಡಿದವರು, ತಾಳೆ ನೋಡಿದವರು. ಎರಡೂ ಒಬ್ಬರದೇ ಆಗಿರಕೂಡದು. ಮೂಲದಲ್ಲೇ ತಪ್ಪಿದ್ದರೆ? ಹಿಂದಿನ ಕಾಲದ ಯಾವನೋ ಶಾನುಭೋಗ ಕ್ರಯಪತ್ರದಲ್ಲಿ ಗಿಡ ಎಂಬುದನ್ನು ಗುಡ ಎಂದು ಬರೆದಿದ್ದನಂತೆ. ಸಾಹೇಬರು ಗುಡ ಎಂದೇ ಬರೆದು, ಪಕ್ಕದಲ್ಲಿ 'ಮೂಲದಂತೆ' ಎಂದು ಸೇರಿಸಿದ್ದರು. ತಿದ್ದುವ ಅಧಿಕಾರ ನಕಲು ಮಾಡುವವನಿಗಿಲ್ಲ ಎಂಬುದು ಅವರ ವಾದ. ಅಪ್ಪನಿಗೆ ಇದು ಮೊಂಡುತನವಾಗಿ ಕಂಡಿತ್ತು.

ನಾವು ಮೂಲತಃ ಹೆತ್ತೂರಿನವರು. ಅಪ್ಪ ಅಲ್ಲೊಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ನಾನು ಶಾಲೆಗೆ ಸೇರುವ ವರ್ಷ ಸಕಲೇಶಪುರಕ್ಕೆ ಬಂದರು. ಹೆತ್ತೂರು ಎಂದರೆ ಹೆತ್ತ ಊರು ಎಂದು ಅವರೇ ಕಟ್ಟಿಕೊಂಡ ಅರ್ಥ. ಯಾರು ಕೇಳಲಿ ಬಿಡಲಿ, ಅದನ್ನು ಹೇಳದೆ ಅವರ ಕಾಫಿ ಲೋಟ ಖಾಲಿಯಾಗುತ್ತಿರಲಿಲ್ಲ.

ಅರವತ್ತರ ಆಸುಪಾಸು ನನ್ನ ಎಸ್ಸೆಸ್ಸೆಲ್ಸಿ ಮುಗಿದು, ಮೈಸೂರಿನ ಒಂದು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು ಸಿಕ್ಕಿತು. ನಮ್ಮ ಬೀದಿಯಿಂದ ಮೈಸೂರಿಗೆ ಓದಲು ಹೊರಟ ಮೊದಲ ಹುಡುಗಿ ನಾನು. ಅಜ್ಜಿ ಮೂರು ದಿನ ಮಾತು ಬಿಟ್ಟಿದ್ದಳು. ಅವಳನ್ನು ಒಪ್ಪಿಸಿ, ಅತ್ತೆಯ ಹಳೆಯ ಸೀರೆಗಳನ್ನು ಕತ್ತರಿಸಿ ಲಂಗ ಹೊಲಿಸಿ, ಟ್ರಂಕು ತುಂಬಿ ಮುಗಿದಿತ್ತು. ಆಗ ಕಾಲೇಜಿನಿಂದ ಕಾಗದ ಬಂತು. ಶಾಲೆಯ ಸರ್ಟಿಫಿಕೇಟಿನಲ್ಲಿ ನನ್ನ ಹುಟ್ಟೂರು 'ಹತ್ತೂರು' ಎಂದಿದೆ, ಪಟೇಲರು ಕೊಟ್ಟ ಪತ್ರದಲ್ಲಿ 'ಹೆತ್ತೂರು' ಎಂದಿದೆ, ಎರಡೂ ತಾಳೆಯಾಗುವುದಿಲ್ಲ. ಜನನ ದಾಖಲೆಯ ನಕಲು ತಂದು ಎಂಟು ದಿನದೊಳಗೆ ಇತ್ಯರ್ಥ ಮಾಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು.

ಒಂದು ಎತ್ವ. ಹಕಾರದ ತಲೆಯ ಮೇಲೆ ಇರಬೇಕಾದ ಒಂದು ಸಣ್ಣ ಕೊಕ್ಕೆ. ಅದು ಹೋಗಿ ತಲಕಟ್ಟು ಕೂತಿದ್ದಕ್ಕೆ ನನ್ನನ್ನು ಹೆತ್ತ ಊರು ಹತ್ತು ಊರಾಗಿಬಿಟ್ಟಿತ್ತು.

ಅಪ್ಪ ಹೆಡ್‌ಮೇಷ್ಟ್ರ ಹತ್ತಿರ ಓಡಿದರು. ಶಾಲೆಯ ದಾಖಲೆ ತಿದ್ದಬೇಕಾದರೆ ಮೇಲಿನಿಂದ ಅಪ್ಪಣೆ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದರು ಅವರು. ನನ್ನನ್ನು ಶಾಲೆಗೆ ಸೇರಿಸುವಾಗ ಕೊಟ್ಟಿದ್ದ ಜನನ ದಾಖಲೆಯ ಹಳೆಯ ನಕಲು ಕಡತದಲ್ಲಿತ್ತು, ಅದರಲ್ಲೂ ಹತ್ತೂರು ಎಂದೇ ಇತ್ತು. "ನಾವು ಇದ್ದಂಗೆ ಬರ್ಕೊಂಡಿದೀವಿ ಕಣ್ರೀ," ಎಂದು ಆ ನಕಲನ್ನು ಅಪ್ಪನ ಕೈಗಿತ್ತು ಕಳಿಸಿದರು.

ನನ್ನ ಹದಿನಾರರ ತಲೆಗೆ ದಾರಿ ಸಲೀಸಾಗಿ ಹೊಳೆಯಿತು. ಈಗ ಹೊಸ ನಕಲು ಕೊಡಬೇಕಾದವರು ಪಕ್ಕದ ಮನೆಯ ಸಾಹೇಬರು ತಾನೇ? ಅವರು ಹೊಸದರಲ್ಲೂ ಆ ಎತ್ವವನ್ನು ಬಿಟ್ಟುಬಿಟ್ಟರೆ ಶಾಲೆಯ ಸರ್ಟಿಫಿಕೇಟಿಗೆ ತಾಳೆಯಾಗುತ್ತದೆ, ಪಟೇಲರದೇ ತಪ್ಪೆಂದು ಕಾಲೇಜಿನವರು ಸುಮ್ಮನಾಗುತ್ತಾರೆ. ಸಂಜೆ ಅವರ ಜಗಲಿಗೆ ಹೋಗಿ ಹೇಳಿಯೇಬಿಟ್ಟೆ.

ಅವರು ನಗಲಿಲ್ಲ. "ಪುಸ್ತಕದಾಗೆ ಏನೈತೋ ಅದನ್ನ ಬರೀತೀನಿ ಕಣಮ್ಮ. ಗೊತ್ತಿದ್ದೂ ತಪ್ಪು ಬರೆದ್ರೆ ಅದು ನಕಲಲ್ಲ, ನಕಲಿ," ಎಂದರು. ನಾನು ಹುಟ್ಟಿದಾಗಿನಿಂದಲೂ ಅಲ್ಲದಿದ್ದರೂ ಆರನೇ ವಯಸ್ಸಿನಿಂದ ನನ್ನನ್ನು ನೋಡಿದವರು, ರಂಜಾನಿನಲ್ಲಿ ನನಗೆಂದೇ ಶಾವಿಗೆ ಪಾಯಸ ತೆಗೆದಿಡಿಸುತ್ತಿದ್ದವರು. ಒಂದು ಕೊಕ್ಕೆಗಾಗಿ ನನ್ನ ಓದು ಕೆಡಿಸುತ್ತಾರಲ್ಲ ಎಂದುಕೊಂಡು ದಡದಡನೆ ಜಗಲಿ ಇಳಿದು ಬಂದೆ.

ಮಾರನೆಯ ದಿನ ಅಪ್ಪನೂ ನಾನೂ ಕಚೇರಿಗೆ ಹೋದೆವು. ಹುಟ್ಟಿನ ಪುಸ್ತಕ ತರಿಸಿ, ನನ್ನ ಹೆಸರಿದ್ದ ಪುಟ ತೆಗೆದು, ಸಾಹೇಬರು ನನ್ನನ್ನೇ ಓದಲು ಹೇಳಿದರು. ಬರೀ ಓದಬೇಡ, ಬಿಡಿಸಿ ಹೇಳು ಎಂದರು. ನಾನು ಓದಿದೆ. ಹ ಎತ್ವ ಹೆ. ತ ಕೊಂಬಿನಿಳಿ ತೂ, ಅದಕ್ಕೆ ತಾವತ್ತು. ರ ಕೊಂಬು ರು. ಹೆತ್ತೂರಿನ ಶಾನುಭೋಗರು ಎತ್ವವನ್ನು ಕಣ್ಣಿಗೆ ರಾಚುವಂತೆ ಬರೆದಿದ್ದರು. ಪುಸ್ತಕದಲ್ಲಿ ಏನೂ ತಪ್ಪಿರಲಿಲ್ಲ.

"ಹಂಗಾರೆ ಹಳೇ ನಕಲು ಮಾಡ್ದೋನು ಯಾವನೋ ಕೆಡಿಸಿರೋದು. ಎಲ್ಲಿ ಕೊಡಿ," ಎಂದು ಅಪ್ಪನ ಕೈಯಿಂದ ಹಳೆಯ ಕಾಗದ ಇಸಕೊಂಡರು. ಕನ್ನಡಕ ಏರಿಸಿ ನೋಡಿದರು. ಮುತ್ತು ಪೋಣಿಸಿದಂಥ ಅಕ್ಷರ. ಅಡಿಯಲ್ಲಿ, ನಕಲು ಮಾಡಿದವರು ಎಂಬಲ್ಲಿ ಅವರ ಸಹಿ. ತಾಳೆ ನೋಡಿದವರು ಎಂಬಲ್ಲಿಯೂ ಅವರದೇ ಸಹಿ. ಇಷ್ಟು ದಿನ ನಾವು ಊರಿನ ಹೆಸರನ್ನೇ ದಿಟ್ಟಿಸಿದ್ದೆವೇ ಹೊರತು ಯಾರೂ ಕಾಗದದ ಅಡಿಗೆ ಕಣ್ಣು ಹಾಯಿಸಿರಲಿಲ್ಲ.

ಇಡೀ ಕಚೇರಿಗೆ ಕೇಳುವಂತೆ, "ನೀವು ನಕಲಿ ಸಾಹೇಬ್ರೇ!" ಎಂದೆ. ಬೀದಿಯಲ್ಲಿ ಕೂಗುತ್ತಿದ್ದಂತೆ ಅಲ್ಲ. ಅಪ್ಪ ನನ್ನ ರಟ್ಟೆ ಹಿಡಿದರು. ಟೈಪು ಹೊಡೆಯುತ್ತಿದ್ದವರ ಕೈ ನಿಂತಿತು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಸಲ ಗುಡಿಸೇ ಸರಿ ಕಣಮ್ಮ," ಎಂದರು.

ಆಮೇಲೆ ಬಿಳಿ ಹಾಳೆ ತೆಗೆದುಕೊಂಡು ಬರೆಯತೊಡಗಿದರು: 'ಹೆತ್ತೂರು ಎಂಬುದೂ ಹತ್ತೂರು ಎಂಬುದೂ ಒಂದೇ ಊರು. ನಡುವೆ ಬಿದ್ದ ಎತ್ವ ನನ್ನ ಕೈಯಿಂದ ಬಿದ್ದದ್ದು. ತಾಳೆ ನೋಡುವವರಿಲ್ಲದ ದಿನ ನಾನೇ ನೋಡಿದೆನೆಂದು ಸಹಿ ಹಾಕಿದವನೂ ನಾನೇ. ಹುಡುಗಿಯದಾಗಲಿ ಶಾಲೆಯದಾಗಲಿ ಇದರಲ್ಲಿ ತಪ್ಪಿಲ್ಲ.' ಹೊಸ ಜನನ ನಕಲಿನ ಜೊತೆ ಅದನ್ನು ಸಾಹೇಬರೇ ಅಧಿಕಾರಿಗಳ ಕೋಣೆಗೆ ಒಯ್ದು ಮೊಹರು ಹಾಕಿಸಿ ತಂದರು. ಒಳಗೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ, ಹೊರಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು.

ಸಂಜೆ ನಮ್ಮ ಮನೆಗೆ ಬಂದು ಒಂದು ಲಕೋಟೆ ಕೊಟ್ಟರು. ತಪ್ಪೊಪ್ಪಿಗೆಯ ಇನ್ನೊಂದು ಪ್ರತಿಯನ್ನು ತಮ್ಮ ಕೈಯಿಂದಲೇ ನನಗಾಗಿ ಬರೆದಿದ್ದರು. ಅಡಿಯಲ್ಲಿ ನಕಲು ಮಾಡಿದವರ ಸಹಿ ಇತ್ತು, ತಾಳೆ ನೋಡಿದವರ ಜಾಗ ಖಾಲಿ. "ಇನ್ಮೇಲೆ ನಾನೇ ಬರ್ದು ನಾನೇ ನೋಡಾದಿಲ್ಲ. ಇದು ಕಚೇರಿ ಕಾಗದ ಅಲ್ಲ, ನಮ್ಮಿಬ್ರದು. ನೀನು ತಾಳೆ ನೋಡಿ ಸಹಿ ಹಾಕಮ್ಮ," ಎಂದರು. ನಾನು ಮುಖ ಬಿಗಿದುಕೊಂಡೇ ಇದ್ದೆ. ಬಿಚ್ಚಿಯೂ ನೋಡದೆ ಟ್ರಂಕಿನ ಅಡಿಗೆ ತುರುಕಿದೆ.

ಕಾಲೇಜಿನವರು ಒಪ್ಪಿದರು. ಆದರೆ ಶಾಲೆಯ ಸರ್ಟಿಫಿಕೇಟಿನಲ್ಲಿ ಇದ್ದಂತೆಯೇ ಬರೆದುಕೊಂಡರು. ನಾನು ಹತ್ತೂರಿನವಳೇ ಆದೆ. ತಮ್ಮ ಶಾಲೆಗೆ ಸೇರಿದಾಗಲೇ ಅಕ್ಕನದು ನೋಡಿ ಅವನದನ್ನೂ ಹಾಗೇ ಬರೆದಿದ್ದರು. ಅವನಿಂದ ಅವನ ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ, ಹೆಸರಿನ ಹಿಂದಿನ ಊರಾಗಿ ಹೋಯಿತು. ಈಗ ನಮ್ಮ ಮನೆತನದ ಹೆಸರೇ ಹತ್ತೂರು. ಇಂಗ್ಲಿಷಿನಲ್ಲಿ ಇನಿಷಿಯಲ್ ಹಾಕಿದರಂತೂ ತಪ್ಪು ಕಾಣುವುದೇ ಇಲ್ಲ. ಒಮ್ಮೆ ಬಿದ್ದ ತಪ್ಪನ್ನು ಮುಂದಿನವರೆಲ್ಲ ಎಷ್ಟು ಪ್ರಾಮಾಣಿಕವಾಗಿ ನಕಲು ಮಾಡುತ್ತ ಹೋಗುತ್ತಾರೆ ಎಂಬುದಕ್ಕೆ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಾಗಲಿಲ್ಲ. ಮಕ್ಕಳು ನಗುತ್ತಿದ್ದರು.

ನಾನು ಮೈಸೂರಿಗೆ ಹೋದ ಮರುವಾರವೇ ಸಾಹೇಬರನ್ನು ನಕಲಿನ ಮೇಜಿನಿಂದ ಎಬ್ಬಿಸಿ ಟಪಾಲಿಗೆ ಹಾಕಿದರೆಂದು ಅಪ್ಪ ಕಾಗದ ಬರೆದರು. ಅದೇ ಕಾಗದದಲ್ಲಿ ಇನ್ನೊಂದು ಸಂಗತಿ ಇತ್ತು. ಹಳೆಯ ನಕಲು ಬರೆದದ್ದು ನನ್ನನ್ನು ಶಾಲೆಗೆ ಸೇರಿಸುವ ಕೊನೆಯ ದಿನವಂತೆ. ಎದುರು ಮೇಜಿನವರು ಜ್ವರ ಬಂದು ಮಲಗಿದ್ದರಂತೆ. ಊರಿಗೆ ಹೊಸಬರಾದ ಅಪ್ಪ ಕೈಮುಗಿದು ಕೇಳಿಕೊಂಡದ್ದಕ್ಕೆ, ಮಗುವಿನ ಒಂದು ವರ್ಷ ಹಾಳಾಗದಿರಲಿ ಎಂದು ಸಾಹೇಬರು ಎರಡೂ ಸಹಿ ಹಾಕಿ ಕೊಟ್ಟಿದ್ದರು. ಹತ್ತು ವರ್ಷದಲ್ಲಿ ಇಬ್ಬರೂ ಅದನ್ನು ಮರೆತಿದ್ದು, ಕಚೇರಿಯಲ್ಲಿ ಆ ಸಹಿ ಕಂಡಾಗಲೇ ನೆನಪಾದದ್ದಂತೆ. ಇಡೀ ನೌಕರಿಯಲ್ಲಿ ಅವರು ಕಟ್ಟಳೆ ಮೀರಿದ್ದು ಅದೊಂದೇ ಸಲವಂತೆ. ಅದೂ ನನಗಾಗಿ. ಓದಿ ಹಾಸ್ಟೆಲಿನ ಬಚ್ಚಲಿಗೆ ಹೋಗಿ ಅತ್ತೆ.

ರಜೆಗೆ ಬಂದಾಗ ಅವರನ್ನು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದೆ. ಲಕೋಟೆಗಳಿಗೆ ಸ್ಟಾಂಪು ಅಂಟಿಸುತ್ತ ಕೂತಿರುತ್ತಿದ್ದರು. ಬೆರಳಿಗೆ ಮಸಿಯ ಬದಲು ಗೋಂದು. ಕ್ಷಮಿಸಿ ಎನ್ನಲು ಎಷ್ಟೋ ಸಲ ಹೊರಟು, ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದಿದ್ದೇನೆ. ನಮಸ್ಕಾರ, ಚೆನ್ನಾಗಿದೀರಾ, ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು. ವರ್ಷಗಳು ಹಾಗೇ...

ಎಂಎಸ್ಸಿಯಲ್ಲಿ, ಅರವತ್ತರ ದಶಕದ ಕೊನೆಯ ಹೊತ್ತಿಗೆ, ನಮ್ಮ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹುರಿ ಹೊಸೆದ ಹಗ್ಗದಂತೆ ಎರಡು ಎಳೆ ಬರೆದರು. ಡಿಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ. ಎ ಎದುರು ಟಿ, ಜಿ ಎದುರು ಸಿ, ಬೇರೆ ಜೋಡಿಗೆ ಒಪ್ಪಿಗೆಯಿಲ್ಲ. ಕೋಶ ಎರಡಾಗುವ ಮೊದಲು ಹುರಿ ಬಿಚ್ಚಿಕೊಳ್ಳುತ್ತದೆ. ಬಿಡಿಯಾದ ಒಂದೊಂದು ಹಳೆಯ ಎಳೆಯೂ ಮೂಲ. ಅದರ ಮೇಲೆ ಒಂದು ಕಿಣ್ವ ಸಾಗುತ್ತ, ಮೂಲದ ಅಕ್ಷರ ನೋಡಿ ಅದರ ಜೋಡಿಯನ್ನು ಇಡುತ್ತ ಹೋಗುತ್ತದೆ. ನಾವು ಕನ್ನಡವನ್ನು ಎಡದಿಂದ ಬಲಕ್ಕೇ ಬರೆಯುವ ಹಾಗೆ ಅದಕ್ಕೂ ಒಂದೇ ದಿಕ್ಕು. ಎಳೆಗಳೆರಡೋ ಎದುರುಬದುರು ದಿಕ್ಕಿನವು. ಆದ್ದರಿಂದ ಒಂದು ಎಳೆಯನ್ನು ಸರಾಗವಾಗಿ ಬರೆದರೆ, ಇನ್ನೊಂದನ್ನು ತುಂಡು ತುಂಡಾಗಿ ಬರೆದು ಮುಗಿಸುತ್ತದೆ. ತುಂಡುಗಳನ್ನು ಕೂಡಿಸಲು ಬೇರೆಯದೇ ಕಿಣ್ವವಿದೆಯೆಂದು ಆಗಷ್ಟೇ ತಿಳಿದಿತ್ತು. ಕೊನೆಗೆ ಎರಡು ಜೋಡಿಗಳು. ಪ್ರತಿ ಜೋಡಿಯಲ್ಲೂ ಒಂದು ಹಳೆಯ ಎಳೆ, ಒಂದು ಹೊಸದು. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿ ಹಲಗೆಯನ್ನೇ ನೋಡುತ್ತ ಕೂತಿದ್ದೆ. ಮೇಜು, ಮಸಿಕುಡಿಕೆ, ಗೋಂದಿನ ಶೀಸೆ, ಎಲ್ಲ ಅಲ್ಲಿದ್ದವು.

ಆ ಸಲ ರಜೆಯಲ್ಲಿ ಧೈರ್ಯ ಮಾಡಿ ಸಾಹೇಬರ ಜಗಲಿ ಹತ್ತಿದೆ. ರಿಟೈರಾಗಿದ್ದರು, ಗಡ್ಡ ಪೂರ್ತಿ ನೆರೆತಿತ್ತು. ಏನು ಓದುತ್ತಿದ್ದೀ ಎಂದು ಕೇಳಿದರು. ಕ್ಷಮೆ ಕೇಳುವುದಕ್ಕಿಂತ ಪಾಠ ಹೇಳುವುದು ಸುಲಭವಾಗಿ ಕಂಡು, ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಅಕ್ಷರ ತಪ್ಪಿದರೂ ಆ ತಪ್ಪು ಮುಂದಿನ ನಕಲಿಗೆಲ್ಲ ಹೋಗುತ್ತದೆ ಎಂದು ಹೇಳುವಾಗ ನಾಲಿಗೆ ತಡವರಿಸಿತು. ಅವರು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ತಾಳೆ ಯಾರು ನೋಡ್ತಾರೆ?"

ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿರಲಿಲ್ಲ, ನಮ್ಮ ಪುಸ್ತಕದಲ್ಲೂ ಇರಲಿಲ್ಲ. ಯಾರೂ ನೋಡುವುದಿಲ್ಲವೇನೋ ಎಂದೆ.

"ಇರ್ಲೇಬೇಕು ಕಣಮ್ಮ. ಇಲ್ದಿದ್ರೆ ಬಿಸಿಲೆ ಕಾಡ್ನಾಗೆ ಹುಲಿ ಹೊಟ್ಟೇಲಿ ಹುಲಿನೇ ಹೆಂಗೆ ಹುಟ್ತದೆ? ಬರೆಯೋನು ಎಷ್ಟು ಶಾಣ್ಯಾ ಆದ್ರೂ ಕೈ ತಪ್ತದೆ. ಹೋಗಿ ಸರಿಯಾಗಿ ಹುಡುಕಕ್ಕೆ ಹೇಳು ನಿಮ್ ಮೇಷ್ಟ್ರಿಗೆ," ಎಂದು ನಕ್ಕರು. ಹತ್ತು ವರ್ಷದ ಹಿಂದಿನ ಅದೇ ನಗು. ಕೇಳಬೇಕಾದ ಕ್ಷಮೆಯನ್ನು ನಾಳೆ ಕೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಮಾರನೆಯ ದಿನ ಏಳುವಷ್ಟರಲ್ಲೇ ಬಸ್ಸಿನ ಹೊತ್ತಾಯಿತು.

ಕೆಲವು ವರ್ಷಗಳ ಮೇಲೆ ನಾನು ಲೆಕ್ಚರರ್ ಆಗಿ, ಹೆಸರಿಗೆ ತಕ್ಕ ಹಾಗೆ ಊರೂರು ವರ್ಗವಾಗಿ ಅಲೆಯುತ್ತಿದ್ದಾಗ, ಒಂದು ಲೈಬ್ರರಿಯಲ್ಲಿ ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು. ನಕಲು ಮಾಡುವ ಆ ಕಿಣ್ವವೇ ತಾನು ಇಟ್ಟ ಅಕ್ಷರವನ್ನು ತಿರುಗಿ ನೋಡುತ್ತದೆ. ತಪ್ಪು ಬಿದ್ದಿದ್ದರೆ ಒಂದು ಹೆಜ್ಜೆ ಹಿಂದೆ ಬಂದು, ಕಿತ್ತುಹಾಕಿ, ಸರಿಯಾದದ್ದನ್ನು ಇಟ್ಟು ಮುಂದೆ ಹೋಗುತ್ತದೆ. ತಾನೇ ಬರೆದು ತಾನೇ ತಾಳೆ ನೋಡುವುದು! ಸಾಹೇಬರ ಮೇಜು ಕಿತ್ತುಕೊಂಡದ್ದು ಯಾವುದಕ್ಕೋ ಅದನ್ನೇ ನಮ್ಮ ಮೈಯ ಒಂದೊಂದು ಕೋಶವೂ ಹಗಲಿರುಳು ಮಾಡುತ್ತಿತ್ತು. ಮುಂದೆ ಇನ್ನೂ ಒಂದು ಸಂಗತಿ ತಿಳಿಯಿತು. ಕೋಶಕ್ಕೂ ಬರೆದವನ ಕಣ್ಣಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ಆಮೇಲೆ ಬೇರೆಯವರು ಬಂದು, ಹಳೆಯ ಎಳೆ ಯಾವುದು ಹೊಸದು ಯಾವುದು ಎಂದು ಗುರುತು ಹಿಡಿದು, ಹೊಸದರಲ್ಲಿ ಉಳಿದ ತಪ್ಪನ್ನು ತಿದ್ದುತ್ತಾರೆ. ಅಷ್ಟಾದರೂ ಎಲ್ಲೋ ಒಂದು ಎತ್ವ ಬಿದ್ದುಹೋಗುತ್ತದೆ. ಬೀಳದೇ ಇದ್ದಿದ್ದರೆ ಈ ಲೋಕದಲ್ಲಿ ಇಷ್ಟು ಬಗೆಯ ಜೀವಿಗಳೂ ಇರುತ್ತಿರಲಿಲ್ಲ.

ಮೊದಲ ಉತ್ತರ ಸಿಕ್ಕ ಆ ಶನಿವಾರವೇ ಸಕಲೇಶಪುರದ ಬಸ್ಸು ಹತ್ತಿದೆ. ನಿಮ್ಮ ಮಾತು ನಿಜವಾಯಿತು, ಕೋಶಕ್ಕೂ ನಿಮ್ಮದೇ ಕಷ್ಟ, ಅವತ್ತು ನಾನು ಅಂದದ್ದು ತಪ್ಪು... ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಜಗಲಿಯಲ್ಲಿ ಬೇರೆ ಯಾರದೋ ಮಕ್ಕಳು ಆಡುತ್ತಿದ್ದರು. ಸಾಹೇಬರು ತೀರಿಕೊಂಡು ಏಳು ತಿಂಗಳಾಗಿತ್ತು, ಅವರ ಹೆಂಡತಿ ಮಗಳ ಊರಿಗೆ ಹೋಗಿದ್ದರು. ಅಪ್ಪ ಅದಕ್ಕೂ ಮೊದಲೇ ತೀರಿಹೋಗಿದ್ದರು, ನನಗೆ ತಿಳಿಸುವವರು ಅಲ್ಲಿ ಯಾರೂ ಇರಲಿಲ್ಲ.

ತಾರಸಿಯ ಮೇಲೆ ಲಕೋಟೆ ಬಿಚ್ಚಿದೆ. ನಕಲು ಹಾಗೆಯೇ ಇತ್ತು. ಕಾಲೇಜು ಬಿಡುವಾಗ ವಾಪಸು ಕೊಟ್ಟಿದ್ದ ಮೂಲವೂ ಟ್ರಂಕಿನಲ್ಲೇ ಸಿಕ್ಕಿತು. ಮೊಮ್ಮಗಳು ಪುಸ್ತಕ ಮುಚ್ಚಿ ಬಂದು ಕತೆಯೆಲ್ಲ ಕೇಳಿದಳು. "ಈಗ ಅರ್ಜಿ ಹಾಕಿದ್ರೆ ಹೆಸ್ರು ಸರಿ ಮಾಡಿಸ್ಬೋದು ಅಜ್ಜಿ," ಎಂದಳು. ಬೇಡ, ಮೊದಲು ಇದನ್ನು ಓದು ಎಂದು ಮೂಲವನ್ನು ಅವಳ ಕೈಗೆ ಕೊಟ್ಟೆ. ಬರೀ ಓದಬೇಡ, ಬಿಡಿಸಿ ಹೇಳು ಎಂದೆ.

ಅವಳು ಓದುತ್ತ ಹೋದಳು, ನಾನು ನಕಲಿನ ಮೇಲೆ ಬೆರಳಿಟ್ಟು ಹೂಂ, ಹೂಂ ಎನ್ನುತ್ತ ಹೋದೆ. ಹ ಎತ್ವ ಹೆ ಎಂದಾಗ ಮಾತ್ರ ಆ ಕೊಕ್ಕೆಯ ಮೇಲೆ ಬೆರಳನ್ನು ಇನ್ನೊಮ್ಮೆ ಆಡಿಸಿ ಹೂಂ ಎಂದೆ. ಇಡೀ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ತಾಳೆ ನೋಡಿದವರು ಎಂಬಲ್ಲಿ ನನ್ನ ಸಹಿ ಹಾಕಿದೆ. ಹೆಸರಿನ ಹಿಂದೆ ಹತ್ತೂರು ಎಂದೇ ಬರೆದು, ಪಕ್ಕದಲ್ಲಿ 'ಮೂಲದಂತೆ' ಎಂದು ಸೇರಿಸಿದೆ. ಮಸಿ ಆರಲೆಂದು ಕಾಗದವನ್ನು ಬಿಸಿಲಿಗೆ ಹಿಡಿದುಕೊಂಡು ನಿಂತೆ. ಒಣಗಿದ ಮೇಲೆ ಇದನ್ನು ಒಪ್ಪಿಸಬೇಕಾದವರು ಇಲ್ಲ.